ಕೂಗು ಮಾತ್ರ ಕೇಳಿಸಿದ ಫೈನಲ್

ಸೋಮವಾರ, ಮಧ್ಯಾಹ್ನ

ಪ್ರೀತಿಯ ಪೀಪಿ,

ನೀನು ಮುಖ ಊದಿಸಿಕೊಂಡು ಕೂತಿರುತ್ತೀಯೆಂದು ಗೊತ್ತು. ನಿನ್ನ ಕಾಗದ ಬಂದಾಗ ರಗ್ಬಿ ಟೂರ್ನಿ ಇನ್ನೂ ಶುರುವಾಗಿರಲಿಲ್ಲ. ಈಗ ಮುಗಿದೇ ಹೋಯಿತು. ತಪ್ಪು ತಿಳಿಯಬೇಡ. ನಿನ್ನ ಮಂಡಿ ಹೇಗಿದೆ? ಕೋಲು ಬಿಟ್ಟು ಓಡಾಡುತ್ತಿದ್ದೀಯಾ? ಆಗ ಗ್ಯಾಲರಿಯ ಬೆಂಚಿನ ಮೇಲೆ ಕುಣಿದು, ಪೀಪಿ ಊದಿ ಊದಿ ರೆಫ್ರಿಯ ಕೈಲೇ ಬೈಸಿಕೊಂಡವಳು ಈಗ ಮೆಟ್ಟಿಲು ಹತ್ತಲು ಯೋಚಿಸುತ್ತಾಳೆಂದರೆ ನನಗೆ ನಗು ಬರುತ್ತದೆ, ಅಳುವೂ ಬರುತ್ತದೆ.

ನಮ್ಮನೆ ಸಮಾಚಾರ ನಿನಗೆ ಅರ್ಧ ಗೊತ್ತು. ಉಳಿದರ್ಧ ಕೇಳು. ಇವರಿಗೆ ಈಗ ನನ್ನ ಹೆಸರು ನೆನಪಿಲ್ಲ. ಸಿಟ್ಟಿಲ್ಲದ ದಿನ "ಏನಮ್ಮಾ" ಎನ್ನುತ್ತಾರೆ, ಹೋಟೆಲಿನಲ್ಲಿ ಬಡಿಸುವವರನ್ನು ಕರೆದ ಹಾಗೆ. ಅಷ್ಟು ವರ್ಷ ರಗ್ಬಿ ಆಡಿ, ಸ್ಕ್ರಮ್‌ನ ಮುಂದಿನ ಸಾಲಿನಲ್ಲಿ ಎದುರಾಳಿಗಳ ತಲೆಗೆ ತಲೆ ಕೊಟ್ಟು ತಳ್ಳಿದರಲ್ಲ, ಆ ಏಟುಗಳಿಂದ ಮೆದುಳು ಸವೆದಿದೆ ಎಂದರು ಡಾಕ್ಟರು. ಚಪ್ಪಲಿಯ ಅಟ್ಟೆ ಸವೆದಿದೆ ಎನ್ನುವಷ್ಟು ಸಲೀಸಾಗಿ ಹೇಳಿದರು. ಬೆಳಗಾದರೆ ಇವರದು ಒಂದೇ ಮಾತು: "ಬಸ್ ಬಂತಾ?" ತಂಡದ ಬಸ್ಸು. ಬಂದಿಲ್ಲವೆಂದರೆ ತಾವೇ ಹುಡುಕಲು ಹೊರಡುತ್ತಾರೆ. ಹಾಗಾಗಿ ಬಾಗಿಲಿಗೆ ಮೇಲೊಂದು, ಕೆಳಗೊಂದು ಚಿಲಕ ಹಾಕಿಸಿದ್ದೇನೆ. ಚಿಲಕ ಇವರಿಗೆ ಅಂತ ಹಾಕಿಸಿದ್ದು, ಒಳಗಿರುವುದು ಇಬ್ಬರೂ.

ಕೆಲಸ ಅದೇ, ಟ್ಯಾಕ್ಸಿ ಕಂಪನಿಯ ಫೋನು. ಮನೆಯಿಂದಲೇ ಮಾಡಲು ಒಪ್ಪಿದ್ದಾರೆ. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಊರಿನವರನ್ನೆಲ್ಲ ಎಲ್ಲೆಲ್ಲಿಗೋ ಕಳಿಸುತ್ತೇನೆ, ನಾನು ಮಾತ್ರ ಸೋಫಾದಿಂದ ಏಳುವುದಿಲ್ಲ. ಶನಿವಾರವಂತೂ ಬಂದ ಕರೆಗಳೆಲ್ಲ ಸ್ಟೇಡಿಯಂ ಕಡೆಗೇ. ಮೂರನೇ ಸ್ಥಾನದ ಪಂದ್ಯ ಆವತ್ತು, ಮಾರನೇ ದಿನ ಫೈನಲ್ಲು, ಅದರಲ್ಲೂ ನಮ್ಮವರೇ ಫೈನಲ್ಲಿನಲ್ಲಿ! "ಬೇಗ ಕಳ್ಸಿ ಮೇಡಂ, ರಾಷ್ಟ್ರಗೀತೆ ಮಿಸ್ಸಾಗತ್ತೆ" ಎಂದು ಯಾರೋ ಗೋಗರೆದರು. ಹೊಟ್ಟೆಕಿಚ್ಚಿಗೆ ಅವರ ಗಾಡಿಯನ್ನು ತಡವಾಗಿ ಕಳಿಸೋಣವೆನಿಸಿತು. ತಡ ಮಾಡಲಿಲ್ಲ ಬಿಡು, ಬೇಗನೇ ಕಳಿಸಿದೆ.

ಅಷ್ಟರಲ್ಲಿ ಬಾಗಿಲ ಬೆಲ್ ಆಯಿತು. ಗೋಡೆ! ನೆನಪಿದೆಯಾ, ಇವರ ಪಕ್ಕದಲ್ಲೇ ಆಡುತ್ತಿದ್ದ, ಯಾರನ್ನೂ ದಾಟಿಹೋಗಲು ಬಿಡದ ಆ ದಡಿಯ? ಈಗ ಟೈರ್ ಅಂಗಡಿ ಇಟ್ಟಿದ್ದಾನೆ. ಕೈಯಲ್ಲಿ ಫೈನಲ್ಲಿನ ಮೂರು ಟಿಕೆಟ್.

"ಅತ್ತಿಗೆ, ನಾಳೆ ಮೂರೂ ಜನ ಹೋಗ್ತಿದ್ದೀವಿ. ಮಾತಾಡೋ ಹಾಗಿಲ್ಲ."

"ನಿಮಗೇನು ತಲೆ ಕೆಟ್ಟಿದೆಯಾ? ಇವರನ್ನ ಆ ಜನದಲ್ಲಿ?"

"ನಾನಿದ್ದೀನಲ್ಲ. ಅವನಿಗೆ ಒಂದು ದಿನಾನಾದ್ರೂ ಹುಲ್ಲು ಕಾಣ್ಲಿ. ನಿಮಗೂ."

ಆ "ನಿಮಗೂ" ಎಂಬ ಮಾತಿಗೆ ನಾನು ಸೋತುಹೋದೆ ಕಣೆ.

ನಮ್ಮ ಸೀಟು ಸಾಲಿನ ನಟ್ಟನಡುವೆ. ಇವರನ್ನು ಮಧ್ಯೆ ಕೂರಿಸಿ ಆ ಕಡೆ ಗೋಡೆ, ಈ ಕಡೆ ನಾನು. ರಾಷ್ಟ್ರಗೀತೆ ಶುರುವಾಯಿತು ನೋಡು, ಇವರು ಎದ್ದು ನೆಟ್ಟಗೆ ನಿಂತರು. ನನ್ನ ಹೆಸರು ಮರೆತವರು ಒಂದಕ್ಷರ ತಪ್ಪದೆ ಕೊನೆಯವರೆಗೂ ಹಾಡಿದರು. ದನಿಯೂ ಹಳೆಯದೇ. ನಾನು ಅಳುತ್ತಾ ನಗುತ್ತಾ ಅವರ ಕೈ ಹಿಡಿದುಕೊಂಡೆ. ಆಟ ಶುರುವಾದ ಮೇಲೆ ಕೇಳಬೇಡ. ಬಿಸಿಲು, ಹುಲ್ಲಿನ ವಾಸನೆ, ಮುಂದೆ ಕೂತವನ ಬೋಳುತಲೆಯ ಮೇಲೆ ಬಳಿದ ಬಣ್ಣ. ನಮ್ಮವನೊಬ್ಬ ಮೂರು ಜನರನ್ನು ತಪ್ಪಿಸಿ ಓಡಿ, ಗೆರೆಯಾಚೆ ಚೆಂಡು ಊರಿ ಟ್ರೈ ಹೊಡೆದಾಗ ಬೆರಳು ಬಾಯಿಗಿಟ್ಟು ಸೀಟಿ ಹಾಕಿದೆ. ಈ ವಯಸ್ಸಿನಲ್ಲೂ ಸೀಟಿ ಬರುತ್ತದೆ!

ಮಧ್ಯಂತರಕ್ಕೆ ಸ್ವಲ್ಪ ಮುಂಚೆ ನಮ್ಮ ತಂಡದವನೊಬ್ಬ, ಇವರು ಆಡುತ್ತಿದ್ದ ಜಾಗದವನೇ, ಎದುರಾಳಿಯ ತಲೆಗೆ ಡಿಕ್ಕಿ ಹೊಡೆದು ಬಿದ್ದ. ಇಡೀ ಸ್ಟೇಡಿಯಂ ಗಪ್‌ಚಿಪ್. ಡಾಕ್ಟರು ಓಡಿಬಂದು ಏನೋ ಕೇಳಿದರು. ಅವನು ತಲೆಯಾಡಿಸಿದ, ತೂರಾಡುತ್ತಾ ಎದ್ದ, ಅವರನ್ನು ಪಕ್ಕಕ್ಕೆ ಸರಿಸಿ ಜನರತ್ತ ಮುಷ್ಟಿ ಎತ್ತಿದ. ಭೋರೆಂದು ಕೂಗು. ನಾನೂ ಎದ್ದು ಚಪ್ಪಾಳೆ ತಟ್ಟುತ್ತಿದ್ದೆ, ಪೀಪಿ. ಕೈ ತಾನಾಗಿಯೇ ತಟ್ಟುತ್ತಿತ್ತು.

ಇವರು ನನ್ನ ತೋಳು ಹಿಡಿದೆಳೆದರು. ಕಿವಿಗೆ ಬಾಯಿಟ್ಟು ಪಿಸುಗುಟ್ಟಿದರು: "ನಾನು ಬಿದ್ದಿದ್ದು ಡಾಕ್ಟ್ರಿಗೆ ಹೇಳ್ಬೇಡ ಕಣೋ. ಹೊರಗೆ ಕೂರಿಸ್ಬಿಡ್ತಾರೆ."

ನನ್ನನ್ನು ಜೊತೆಯ ಆಟಗಾರ ಎಂದುಕೊಂಡಿದ್ದರು. ಮರುಕ್ಷಣವೇ ಎದ್ದು ಕೋಟು ಬಿಚ್ಚಿ ಎಸೆದು, ಮುಂದಿನ ಸೀಟು ಹತ್ತಿ ಮೈದಾನಕ್ಕಿಳಿಯಲು ಹೊರಟರು.

"ಕೋಚ್ ಇನ್ನೂ ಕರೆದಿಲ್ಲ ಕಣೋ, ಕೂತ್ಕೋ," ಎಂದು ಗೋಡೆ ಸೊಂಟ ಹಿಡಿದ. ಇವರ ಮೊಣಕೈ ಅವನ ತುಟಿಗೆ ಬಿತ್ತು. ಹಿಂದಿನಿಂದ ಯಾರೋ "ಕೂತ್ಕೊಳ್ರೀ! ಕುಡಿದು ಬರ್ತಾರೆ, ಥೂ" ಎಂದರು. ಎಡಕ್ಕೂ ಬಲಕ್ಕೂ ಬರೀ ಮೊಣಕಾಲುಗಳು, ಚೀಲಗಳು, ಬಾವುಟಗಳು. ಹೋಗಲು ದಾರಿಯಿಲ್ಲ, ಕೂರಲು ಇವರು ಬಿಡರು. "ಹುಷಾರಿಲ್ಲ ಇವರಿಗೆ, ದಾರಿ ಬಿಡಿ" ಎಂದು ನಾನು ಕಿರುಚಿದ್ದು ಆ ಗದ್ದಲದಲ್ಲಿ ನನಗೇ ಕೇಳಿಸಲಿಲ್ಲ. ಹೇಗೆ ಹೊರಗೆ ಬಂದೆವೋ ಕಾಣೆ.

ದ್ವಿತೀಯಾರ್ಧ ಪೂರ್ತಿ ಮೂವರೂ ಗ್ಯಾಲರಿಯ ಕೆಳಗಿನ ಓಣಿಯಲ್ಲಿ ಕಳೆದೆವು. ಸಿಮೆಂಟ್ ಗೋಡೆ, ಮುಚ್ಚಿದ ತಿಂಡಿ ಕೌಂಟರು, ಒಂದು ಟ್ಯೂಬ್‌ಲೈಟು. ಇವರು ಸುಸ್ತಾಗಿ ನನ್ನ ಭುಜಕ್ಕೆ ಒರಗಿ ನಿದ್ದೆಹೋದರು. ತಲೆಯ ಮೇಲೆ ಸಾವಿರಾರು ಕಾಲುಗಳ ಸದ್ದು. ಕೂಗು ಏಳುತ್ತದೆ, ಬೀಳುತ್ತದೆ. ಯಾರು ಹೊಡೆದರೋ, ಯಾರು ಕಳೆದರೋ. ಮೆಟ್ಟಿಲು ಅಲ್ಲೇ ಇತ್ತು. ಇವರ ತಲೆಯನ್ನು ಗೋಡೆಯ ಭುಜಕ್ಕೆ ದಾಟಿಸಿ ಓಡಿಬಿಡಲೇ ಎಂದುಕೊಂಡೆ. ಮೈಯೆಲ್ಲ ಸಿಟ್ಟು. ಆದರೆ ಹಾಗೆ ಹೇಳಲು ನಾಚಿಕೆಯಾಗಿ ತಿರುವುಮುರುವು ಮಾಡಿದೆ: "ನೀವಾದ್ರೂ ಹೋಗಿ ನೋಡಿ."

ಅವನು ತುಟಿಯ ರಕ್ತ ಒರೆಸಿಕೊಳ್ಳುತ್ತಿದ್ದ. "ಬೇಡ ಅತ್ತಿಗೆ. ಇವನನ್ನ ನೋಡ್ಕೊಳ್ಳೋದು ಹೇಗೆ ಅಂತ ಕಲೀಬೇಕಿತ್ತು. ಮನೇಲಿ ನನ್ನ ಹೆಂಡ್ತಿಗೆ ಹೇಳ್ಕೊಡಕ್ಕೆ."

ನನಗೆ ತಕ್ಷಣ ಅರ್ಥವಾಗಲಿಲ್ಲ.

"ಹೋದ ವಾರ ನನ್ನ ಅಂಗಡಿಗೆ ಹೋಗೋ ದಾರೀನೇ ಮರೆತುಹೋಯ್ತು. ಯಾರಿಗೂ ಹೇಳಿಲ್ಲ," ಎಂದು ನೆಲ ನೋಡಿದ.

ಅಷ್ಟು ದೊಡ್ಡ ಆಸಾಮಿ ಎಳೆ ಹುಡುಗನ ಹಾಗೆ ಕಂಡ. ನನ್ನ ಇನ್ನೊಂದು ಕೈ ಖಾಲಿಯಿತ್ತು, ಅವನ ಬೆನ್ನ ಮೇಲಿಟ್ಟೆ. "ಇವತ್ತೇ ಹೇಳಿ. ನಾನೂ ಬರ್ತೀನಿ" ಎಂದೆ. ಇಬ್ಬರ ನಡುವೆ ಹಾಗೆ ಸಿಕ್ಕಿಕೊಂಡು ಕೂತಿದ್ದಾಗಲೇ ಛಾವಣಿ ಹಾರಿಹೋಗುವಂಥ ಕೂಗೆದ್ದಿತು. ನಮ್ಮವರು ಗೆದ್ದಿದ್ದರು.

ಜನ ಮೆಟ್ಟಿಲಿಳಿದು ನುಗ್ಗಿದರು. ಮುಖಕ್ಕೆ ಬಣ್ಣ ಬಳಿದ ಅಪರಿಚಿತನೊಬ್ಬ ಇವರನ್ನು ತಬ್ಬಿ "ಗೆದ್ವಿ ಯಜಮಾನ್ರೇ!" ಎಂದ. ಇವರು ಎಚ್ಚರಾಗಿ ನಕ್ಕರು. "ನಾನು ಆಡಿದ್ನಾ?" ಎಂದು ನನ್ನನ್ನು ಕೇಳಿದರು.

"ಆಡಿದ್ರಿ. ತುಂಬಾ ಚೆನ್ನಾಗಿ ಆಡಿದ್ರಿ."

ಮನೆಗೆ ಬರುವ ದಾರಿಯಲ್ಲೇ ಗೋಡೆಯ ಮನೆಗೆ ಹೋಗಿ ಅವನ ಹೆಂಡತಿಗೆ ವಿಷಯ ಹೇಳಿದೆವು. ಅವಳು ಅಳಲಿಲ್ಲ. "ಬಾಗಿಲಿಗೆ ಯಾವ ಥರ ಚಿಲಕ ಹಾಕ್ಸಿದ್ದೀರಿ?" ಎಂದು ಕೇಳಿದಳು.

ಇಲ್ಲಿಗೆ ನಿಲ್ಲಿಸುತ್ತೇನೆ. ಇವರು ಮತ್ತೆ ನಡೆದಾಡಲು ಶುರುಮಾಡಿದ್ದಾರೆ, ಫೋನೂ ಬಡಿದುಕೊಳ್ಳುತ್ತಿದೆ. ನಿನ್ನ ಮಂಡಿ ಬೇಗ ಗಟ್ಟಿಯಾಗಲಿ, ನಿನ್ನ ಮನೆಯವರೆಲ್ಲ ನಗುನಗುತ್ತಾ ಇರಲಿ. ನಿನ್ನ ಅವಳಿಗಳಿಗೆ ನನ್ನ ಮುತ್ತು.

ನಿನ್ನ,
ದಪ್ಪಜಡೆ

ಮರೆತಿದ್ದೆ: ಮರೆತಿರಲಿಲ್ಲ, ಬರೆಯಲು ಕೈ ಬಂದಿರಲಿಲ್ಲ. ಬೆಳಿಗ್ಗೆ ಹಾಸ್ಟೆಲಿನಿಂದ ಮಗಳು ಫೋನ್ ಮಾಡಿದ್ದಳು. ಫೈನಲ್ ಬಗ್ಗೆ ಎಂದುಕೊಂಡೆ. ಕಾಲೇಜಿನ ರಗ್ಬಿ ತಂಡಕ್ಕೆ ಆಯ್ಕೆಯಾಗಿದ್ದಾಳಂತೆ, ಅಪ್ಪ ಆಡುತ್ತಿದ್ದ ಜಾಗಕ್ಕೇ. "ಮೊದಲು ನಿಂಗೇ ಹೇಳ್ತಿರೋದಮ್ಮಾ, ನಿನ್ನಷ್ಟು ಖುಷಿ ಬೇರೆ ಯಾರಿಗಾಗತ್ತೆ?" ಎಂದಳು. ಬೇಡ ಎನ್ನಬೇಕೆಂದು ಬಾಯಿ ತೆರೆದೆ, ಪೀಪಿ. ಆಣೆಯಾಗಿ ಹೇಳುತ್ತೇನೆ, ಅದೇ ಮಾತು ನಾಲಿಗೆಯ ತುದಿಯಲ್ಲಿತ್ತು. ಹೊರಗೆ ಬಂದದ್ದು, "ಮೊದಲ ಮ್ಯಾಚ್ ಯಾವತ್ತೇ?"