ಎರಡು ಚೀಲ ತಂಬಾಕು

ನಿಪ್ಪಾಣಿ, ಮಾರ್ಚ್ 1992

ಅಣ್ಣ ಮುರಗೆಪ್ಪನಿಗೆ,

ಇಲ್ಲಿ ಎಲ್ಲರೂ ಎರಡು ಹೊತ್ತು ಉಣ್ಣುತ್ತಿದ್ದೇವೆ. ರಿಜರ್ವ್ ಬ್ಯಾಂಕು ಬಡ್ಡಿ ಏರಿಸಿದ ಮೇಲೆ ವ್ಯಾಪಾರಿಗಳು ಸಾಲ ತೆಗೆದು ತಂಬಾಕು ಕೊಳ್ಳುವುದನ್ನು ನಿಲ್ಲಿಸಿದ್ದಾರೆ. ಬೆಲೆ ಏರಿಕೆ ತಡೆಯಲು ಹೀಗೆ ಮಾಡಿದ್ದಾರಂತೆ. ತಡೆದಿರಬಹುದು. "ಮಾಲು ತಗೊಂಡು ಇಟ್ಟರ ಲಾಭಾನೆಲ್ಲಾ ಬಡ್ಡಿನ ನುಂಗತೈತಿ, ಮನಿಗೆ ಹೋಗ್ರಿ ದಲಾಲರ," ಎಂದು ನಮ್ಮ ಯಜಮಾನರನ್ನು ಕಳಿಸಿಬಿಡುತ್ತಾರೆ.

ಟವೆಲಿನ ಕೆಳಗೆ ವ್ಯಾಪಾರಿಯ ಬೆರಳು ಹಿಡಿದು ದರ ಕುದುರಿಸುವುದೊಂದೇ ಇವರಿಗೆ ಗೊತ್ತಿರುವ ಕೆಲಸ. ಈಗ ಇಡೀ ದಿನ ಮನೆಯಲ್ಲೇ ಕೂರುತ್ತಾರೆ. ಮೊನ್ನೆ ಮಗಳು ತಾರವ್ವ ಊಟಕ್ಕೆ ಎಬ್ಬಿಸಲು ಕೈ ಹಿಡಿದಳು. ಇವರು ಅವಳ ಬೆರಳುಗಳನ್ನು ಮುಟ್ಟಿ ನೋಡಿ, "ಈ ದರಕ್ಕ ಆಗಂಗಿಲ್ರಿ," ಎಂದರು. ಅವಳು ನಕ್ಕಳು. ಇವರು ನಗಲಿಲ್ಲ.

ಗುರುವಾರ ಕೊಗನೊಳ್ಳಿಯಿಂದ ನಿನ್ನ ಹೊಲದ ಎರಡು ಚೀಲ ತಂಬಾಕು ತಂದು ಇವರಿಂದಲೇ ಮಾರಿಸು. ಬೀಡಿ ಕಾರ್ಖಾನೆಯ ಮಾಲೀಕರೊಬ್ಬರನ್ನು ಕೊಳ್ಳಲು ಒಪ್ಪಿಸಿದ್ದೇನೆ. ಅದನ್ನು ಇವರಿಗೆ ಹೇಳಬೇಡ. ದರ ಕಡಿಮೆ ಬಂದರೂ ಸುಮ್ಮನಿರು. ಹೆಂಡತಿಯ ಅಣ್ಣನಿಂದ ದಲಾಲಿ ಬೇಡ ಅನ್ನುತ್ತಾರೆ. ಜಗಳ ಮಾಡಿಯಾದರೂ ಕೊಟ್ಟು ಹೋಗು.

ನಿನ್ನ ತಂಗಿ
ಚನ್ನವ್ವ