ನಾಲ್ಕನೇ ಕೌಂಟರಿನ ನೀಲಿ ಮೊಹರು

ಮಾರ್ಚ್ ೧೪, ಶುಕ್ರವಾರ

ಅಕ್ಕಾ,

ಈ ಕಾಗದ ನಿನ್ನ ಕೈಗೆ ಕೊಟ್ಟವರು ಭಾವನೇ. ಅವರು ಕೈಕಾಲು ತೊಳೆದು ಬರುವಷ್ಟರಲ್ಲಿ ಓದಿ ಮುಗಿಸು. ಆಮೇಲೆ ಬೇಕಾದರೆ ಬಾಯಿ ತೆಗೆ.

ನಿನ್ನೆ ನೀನು ಫೋನಿನಲ್ಲಿ ಕೂಗಿದ್ದು ರೂಮಿನ ಏಳೂ ಜನಕ್ಕೆ ಕೇಳಿಸಿತು. "ಕುಡಿದು ಗಲಾಟೆ ಮಾಡಿರ್ತೀರಿ, ಇಲ್ಲಾ ಯಾರಿಗೋ ಹೊಡೆದಿರ್ತೀರಿ. ಸುಮ್‌ಸುಮ್ನೆ ಯಾರಾದ್ರೂ ಓಡಿಸ್ತಾರಾ?" ಅಂದೆಯಲ್ಲ? ಓಡಿಸ್ತಾರೆ ಅಕ್ಕ. ಸುಮ್‌ಸುಮ್ನೆ ಓಡಿಸ್ತಾರೆ. ನಿನ್ನ ಅತ್ತೆಯೂ ಬೀದಿಯಲ್ಲಿ ಸಿಕ್ಕವರಿಗೆಲ್ಲ "ನನ್ನ ಮಗ ಏನೋ ಎಡವಟ್ಟು ಮಾಡ್ಕೊಂಡ" ಅಂತ ಹೇಳುತ್ತಿದ್ದಾರಂತೆ. ಅವರನ್ನೂ ಕೂರಿಸಿಕೊಂಡು ಓದು.

ಇಲ್ಲಿ ನಮ್ಮಂಥ ಹೊರಗಿನವರು ವರ್ಷಕ್ಕೊಮ್ಮೆ ವಲಸೆ ಕಚೇರಿಗೆ ಹೋಗಿ ಪರವಾನಗಿ ಮುಂದುವರಿಸಿಕೊಳ್ಳಬೇಕು. ಭಾವ ಆರು ವರ್ಷದಿಂದ ಮಾಡಿಸಿಕೊಂಡು ಬಂದವರು, ನನಗೆ ಇದೇ ಮೊದಲು. ಸೋಮವಾರ ಬೆಳಗ್ಗೆ ಇಬ್ಬರೂ ಹೋದೆವು. ಒಂದೇ ಕಂಪನಿ, ಒಂದೇ ಟೈಲ್ಸ್ ಕೆಲಸ, ಒಬ್ಬನೇ ಗುಮಾಸ್ತ ಟೈಪ್ ಮಾಡಿಕೊಟ್ಟ ಪತ್ರ, ಅದರ ಕೆಳಗೆ ಕಂಪನಿಯ ಕಪ್ಪು ಮೊಹರು. ಹೆಸರು ಬಿಟ್ಟರೆ ಎರಡು ಕಾಗದಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ.

ಆ ಕಚೇರಿಯನ್ನು ನೀನು ನೋಡಬೇಕು. ಕುರ್ಚಿಗಳನ್ನೆಲ್ಲ ಬೋಲ್ಟ್ ಹಾಕಿ ನೆಲಕ್ಕೆ ಬಿಗಿದಿದ್ದಾರೆ, ನಾವೇನೋ ತಲೆ ಮೇಲೆ ಹೊತ್ತುಕೊಂಡು ಹೋಗುವವರ ಹಾಗೆ. ಕೌಂಟರಿನ ಗಾಜಿನಲ್ಲಿ ಮಾತಾಡಲು ಒಂದು ತೂತು, ಅದೂ ಸೊಂಟದ ಎತ್ತರಕ್ಕೆ. ಬಗ್ಗದಿದ್ದರೆ ನಮ್ಮ ಮಾತು ಒಳಗೆ ಹೋಗುವುದಿಲ್ಲ. ಗೋಡೆಯ ಮೇಲೆ ನಿಯಮಗಳ ಪಟ್ಟಿ, ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು, ಟೇಪು ಅಂಟಿಸಿ ಅಂಟಿಸಿ ದಿಂಬಿನಷ್ಟು ದಪ್ಪವಾಗಿದೆ. ಇವತ್ತಿನ ನಿಯಮ ಯಾವುದು ಅಂತ ಆ ಗೋಡೆಗೂ ಗೊತ್ತಿರಲಿಕ್ಕಿಲ್ಲ.

ಬಾಗಿಲಲ್ಲಿ ಒಂದು ಮಿಷಿನ್ ಚೀಟಿ ಕೊಡುತ್ತದೆ. ಹೆಸರು ಗಿಸರು ಏನೂ ಇಲ್ಲ, ಬರೀ ಕೌಂಟರ್ ನಂಬರು. ನನಗೆ ಎರಡು ಬಂತು, ಭಾವನಿಗೆ ನಾಲ್ಕು. ಮಿಷಿನ್ ಕೊಟ್ಟದ್ದೇ ಕೊಟ್ಟದ್ದು, ಬದಲಾಯಿಸುವ ಹಾಗಿಲ್ಲ.

ಎರಡರಲ್ಲಿ ಕೂತಿದ್ದವಳಿಗೆ ನಮ್ಮವರು ಇಟ್ಟ ಹೆಸರು ಆಕಳಿಕೆ ಮೇಡಂ. ಒಳ್ಳೆಯವಳೇನಲ್ಲ, ಸೋಮಾರಿ. ಕಾಗದ ಓದುವುದಕ್ಕೂ ಮೈ ಬಗ್ಗುವುದಿಲ್ಲ. ನನ್ನ ಮುಖ ನೋಡಿದಳು, ಫೋಟೋ ನೋಡಿದಳು, ಬಾಯಿಗೆ ಕೈ ಅಡ್ಡ ಹಿಡಿದಳು, ಇನ್ನೊಂದು ಕೈಯಿಂದ ದಬಕ್ಕನೆ ಮೊಹರು ಒತ್ತಿದಳು. ಮೂರು ನಿಮಿಷ. ಒಂದು ವರ್ಷ ಸಿಕ್ಕಿತು.

ನಾಲ್ಕರಲ್ಲಿ ಸ್ಕೇಲಪ್ಪ. ಪ್ರತಿ ಸಾಲಿನ ಕೆಳಗೂ ಸ್ಕೇಲು ಇಟ್ಟುಕೊಂಡು ಓದುತ್ತಾನೆ. ಭಾವನಿಗಿಂತ ಮುಂದೆ ಒಬ್ಬ ಪರದೇಶದ ಕನ್ಸಲ್ಟೆಂಟ್ ಇದ್ದ. ಅವನೂ ಹೊರಗಿನವನೇ, ನಮ್ಮ ಹಾಗೆ. ಚಡ್ಡಿ ಹಾಕಿಕೊಂಡು ಬಂದಿದ್ದ. ಪರವಾನಗಿ ಮುಗಿದು ಹನ್ನೊಂದು ದಿನ ಆಗಿತ್ತು, ಕಂಪನಿಯ ಪತ್ರವೂ ಇರಲಿಲ್ಲ. ಫೋನ್ ತೆಗೆದು ಏನೋ ತೋರಿಸಿದ. ಸ್ಕೇಲಪ್ಪ ಸ್ಕೇಲು ಬದಿಗಿಟ್ಟು ಎದ್ದು ನಿಂತು, ಪಕ್ಕದ ಬಾಗಿಲು ತೆಗೆಸಿ ಒಳಗೇ ಕೂರಿಸಿಕೊಂಡ. "ಪತ್ರ ಆಮೇಲೆ ಕಳಿಸಿಕೊಡಿ, ಅವಸರ ಏನಿಲ್ಲ" ಅಂದ. ಇಬ್ಬರೂ ನಗುತ್ತಿದ್ದರು. ಆ ಕನ್ಸಲ್ಟೆಂಟನ ಮೇಲೆ ನನಗೆ ಸಿಟ್ಟಿಲ್ಲ. ಅವನು ಬಗ್ಗಲೇ ಇಲ್ಲ, ಅಷ್ಟೇ. ಅವನನ್ನು ಯಾರೂ ಬಗ್ಗು ಅನ್ನಲಿಲ್ಲ.

ಆಮೇಲೆ ಭಾವ. ಸ್ಕೇಲು ಮತ್ತೆ ಕೈಗೆ ಬಂತು. ಪತ್ರದ ಕೊನೆಗೆ ಬಂದು ನಿಂತಿತು.

"ಮೊಹರು ಕಪ್ಪಗಿದೆ."

"ಹೌದು ಸಾರ್, ಕಂಪನಿದು."

"ನೀಲಿ ಇರಬೇಕು."

"ಹೋದ ವರ್ಷನೂ ಕಪ್ಪೇ ಇತ್ತು ಸಾರ್. ಇದೇ ಕೌಂಟರ್."

"ಹೋದ ವರ್ಷ ಇಲ್ಲಿ ನಾನಿರ್ಲಿಲ್ಲ."

"ನಾಳೆ ಬೆಳಗ್ಗೆನೇ ನೀಲಿ ಹಾಕಿಸ್ಕೊಂಡು ಬರ್ತೀನಿ ಸಾರ್. ಆರು ವರ್ಷದಿಂದ ಇದೀನಿ. ಈ ಹಾಲ್‌ಗೆ ಟೈಲ್ಸ್ ಹಾಕಿದ್ದೂ ನಾನೇ."

ನಿಜ ಅಕ್ಕ, ಅವನ ಕುರ್ಚಿಯ ಗಾಲಿ ಉರುಳುವ ನೆಲವನ್ನು ಭಾವ ಮಂಡಿಯೂರಿ ಕೂರಿಸಿದ್ದರು. ಆ ಪ್ರಾಣಿ ಒಂದು ಸಲ ಕೆಳಗೆ ನೋಡಿ, "ಒಂದು ಕಡೆ ಸೊಟ್ಟಗಿದೆ" ಅಂತ ಹೇಳಿ, ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿದ. ತಿರಸ್ಕಾರ. ಹತ್ತು ದಿನದೊಳಗೆ ದೇಶ ಬಿಡಬೇಕು, ಎರಡು ವರ್ಷ ಮತ್ತೆ ಅರ್ಜಿ ಹಾಕುವ ಹಾಗಿಲ್ಲ.

ಮರುದಿನ ಗುಮಾಸ್ತನ ಕೈಯಿಂದ ನೀಲಿ ಮೊಹರು ಹಾಕಿಸಿಕೊಂಡು ಇಬ್ಬರೂ ಮತ್ತೆ ಹೋದೆವು. "ಒಂದ್ಸಲ ಒತ್ತಿದ್ಮೇಲೆ ನನ್ನ ಕೈಲಿಲ್ಲ" ಅಂದ ಸ್ಕೇಲಪ್ಪ. ಗುಂಡಿ ಒತ್ತಿದ ಕೈ ಅಲ್ಲೇ ಇತ್ತು, ಬಿಸ್ಕತ್ತು ಹಿಡಿದುಕೊಂಡಿತ್ತು. ನಾನು ಆಕಳಿಕೆ ಮೇಡಂ ಹತ್ತಿರ ಹೋಗಿ, ಮೊಹರು ನೀಲಿ ಇರಬೇಕಂತೆ, ಹೌದಾ ಮೇಡಂ ಅಂತ ಕೇಳಿದೆ. "ನೀಲಿನಾ? ಯಾರು ಹೇಳಿದ್ದು?" ಅಂದಳು. ಮೂರನೇ ಕೌಂಟರಿನಲ್ಲಿ ಒಬ್ಬ ಡ್ರೈವರ್ ಮೊಹರೇ ಇಲ್ಲದ ಪತ್ರ ಕೊಟ್ಟಿದ್ದ, "ಶುಕ್ರವಾರದೊಳಗೆ ಹಾಕಿಸ್ಕೊಂಡು ಬಾ" ಅಂತ ಕಳಿಸಿದರು. ಒಂದೇ ಗಾಜು, ಒಂದೇ ಸರ್ಕಾರ, ಕೂತಲ್ಲಿ ಕೂತಲ್ಲಿ ಬೇರೆ ಬೇರೆ ಕಾನೂನು. ಒಬ್ಬಳು ಓದುವುದಿಲ್ಲ, ಒಬ್ಬ ಇಲ್ಲದ್ದನ್ನು ಓದುತ್ತಾನೆ. ಥೂ! ನಾನು ಹತ್ತನೇ ಕ್ಲಾಸು ಓದಿದವನು, ನನಗೇ ನಾಚಿಕೆಯಾಯಿತು, ಅವರಿಗೆ ಆಗಲಿಲ್ಲ.

ಭಾವ ಏನು ಮಾಡಿದರು ಗೊತ್ತಾ? ಕೆಲಸದ ಜಾಗಕ್ಕೆ ವಾಪಸು ಹೋಗಿ, ಅರ್ಧ ಆಗಿದ್ದ ಬಚ್ಚಲಿನ ಸಂದುಗಳಿಗೆ ಸಿಮೆಂಟ್ ತುಂಬುತ್ತಾ ಕೂತರು. ಇನ್ನು ಯಾರಿಗಾಗಿ, ಬಿಡಿ ಭಾವ ಅಂದೆ. "ಸಂದು ಹಾಗೇ ಬಿಟ್ರೆ ನೀರು ಇಳಿಯುತ್ತಪ್ಪ, ಕೆಳಗಿನ ಮನೆಯವ್ರು ಏನು ಮಾಡಿದ್ರು ಪಾಪ" ಅಂದರು. ಇಂಥವರು ಕುಡಿದು ಗಲಾಟೆ ಮಾಡಿದರು ಅಂತ ನೀನು ನಂಬುತ್ತೀಯಾ?

ಅವರು ಏನೂ ತಪ್ಪು ಮಾಡಿಲ್ಲ. ಮಕ್ಕಳೆದುರಿಗೆ ಮುಖ ಸಣ್ಣದು ಮಾಡಬೇಡ. ಬಂದ ದಿನವೇ ಮುಂದೇನು ಅಂತ ಕೇಳಬೇಡ. ಹೊಟ್ಟೆ ತುಂಬ ಊಟ ಹಾಕಿ ಮಲಗಲು ಬಿಡು.

ಇತಿ,
ಮೂರು ಕೆಲಸ ಬಿಟ್ಟು ಓಡಿದವನನ್ನು ನೀನು ಗಂಡನ ಬೆನ್ನಿಗೆ ಕಟ್ಟಿ ಕಳಿಸಿದೆಯಲ್ಲ, ಆ ತಮ್ಮ

ಮರೆತದ್ದಲ್ಲ, ಬಿಟ್ಟದ್ದು: ಅತ್ತೆಗೆ ಓದಿ ಹೇಳುವುದು ಇಲ್ಲಿಗೆ ಸಾಕು, ಇನ್ನು ಮುಂದಿನದು ನಿನಗೊಬ್ಬಳಿಗೆ. ಚೀಟಿ ಬದಲಾಯಿಸುವ ಹಾಗಿಲ್ಲ ಅಂತ ಬರೆದೆನಲ್ಲ, ಅದು ಸುಳ್ಳು. ಹಾಲ್‌ನಲ್ಲಿ ಎಲ್ಲರೂ ಬದಲಾಯಿಸಿಕೊಳ್ಳುತ್ತಾರೆ. ಯಾವ ಅಧಿಕಾರಿಯೂ ಬರೆದಿಡದ ಒಂದೇ ಒಂದು ನಿಯಮವನ್ನು ನಮ್ಮವರು ತಪ್ಪದೆ ಪಾಲಿಸುತ್ತಾರೆ: ಆಕಳಿಕೆ ಮೇಡಂ ಚೀಟಿ ಮಕ್ಕಳೊಂದಿಗರಿಗೆ, ಸ್ಕೇಲಪ್ಪನ ಚೀಟಿ ಒಂಟಿ ಜೀವಗಳಿಗೆ. ಇದನ್ನು ನನಗೆ ಹೇಳಿಕೊಟ್ಟವರೂ ಭಾವನೇ. ಅವತ್ತು ಅವರು ತಮ್ಮ ಚೀಟಿ ನೋಡಿಕೊಂಡು ನನ್ನ ಕಡೆಗೆ ಕೈ ಚಾಚಿದರು. ನಾನು ನನ್ನದನ್ನು ಜೇಬಿಗೆ ಹಾಕಿಕೊಂಡು ಗೋಡೆಯ ಪಟ್ಟಿ ಓದುವವನ ಹಾಗೆ ನಿಂತೆ. ಚಾಚಿದ ಕೈಯನ್ನು ಅವರು ಸುಮ್ಮನೆ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ನನ್ನ ಕಾಲರ್ ಸರಿಮಾಡಿದರು. "ಹೋಗು, ನಿನ್ನ ಸರದಿ ಬಂತು" ಅಂದರು. ಅವರು ಇದನ್ನು ನಿನಗೆ ಯಾವತ್ತೂ ಹೇಳುವುದಿಲ್ಲ, ಅದಕ್ಕೇ ನಾನು ಬರೆದೆ.