ನಮ್ಮ ಫಿಲ್ಟರಿಗೆ ಸಿಕ್ಕ ಸರ್ಕಾರಿ ಪ್ರಮಾಣಪತ್ರ

ಕುಡಿಯುವ ನೀರಿನ ಶುದ್ಧತೆಗೆ ಸಹಿ ಹಾಕುವ ಮಾನ್ಯ ಅಧಿಕಾರಿಗಳೇ,

ಬನಶಂಕರಿಯ ನಮ್ಮ ಬೀದಿಯ ನಲ್ಲಿಗಳಲ್ಲಿ ಚರಂಡಿ ನೀರು ಬರುತ್ತಿದೆ. ತಾವು ಅದನ್ನು ‘ಕುಡಿಯಲು ಯೋಗ್ಯ’ ಎಂದು ಘೋಷಿಸಿದ್ದೀರಿ. ಇಷ್ಟು ಧೈರ್ಯವಿರುವವರು ಕಚೇರಿಯಲ್ಲಿ ಯಾಕೆ ಕೊಳೆಯಬೇಕು, ಗಡಿ ಕಾಯಲು ಹೋಗಬಹುದಿತ್ತಲ್ಲ?

ಆ ಯೋಗ್ಯತೆ ಹುಟ್ಟಿದ ಬಗೆ ತಮಗೆ ತಿಳಿದಿರಲಿಕ್ಕಿಲ್ಲ. ಬೀದಿಯವರೆಲ್ಲ ಬಾಯಿ ಬಡಿದುಕೊಂಡ ಮೇಲೆ ಪರೀಕ್ಷೆಗೆಂದು ತಮ್ಮ ಸಿಬ್ಬಂದಿಯೊಬ್ಬರು ದಯಮಾಡಿಸಿದರು. ಬೈಕಿನಿಂದ ಇಳಿಯಲೂ ಇಲ್ಲ. ಗೇಟಿನಲ್ಲೇ ನನ್ನ ಹೆಂಡತಿ ನೀಲಗಂಗಮ್ಮನ ಕೈಗೆ ಬಾಟಲಿ ಕೊಟ್ಟು, ನಲ್ಲಿ ನೀರು ತುಂಬಿಸಿ ತರಲು ಹೇಳಿದರು. ಅವಳು ಅಡುಗೆಮನೆಗೆ ಹೋಗಿ ಫಿಲ್ಟರ್ ನೀರು ತುಂಬಿಸಿ ಕೊಟ್ಟಳು. ಅವರು ಹೋದ ಮೇಲೆ ವಿಷಯ ತಿಳಿದು ನಾನು ರೇಗಿದೆ. “ಬಾಗಿಲಿಗೆ ಬಂದೋರ ಕೈಗೆ ಆ ಗಬ್ಬು ನೀರು ಹೆಂಗ್ ಕೊಡೋದ್ರೀ?” ಎಂದಳು. ಬಂದವರಿಗೆ ಒಳ್ಳೆಯ ನೀರು ಕೊಟ್ಟೇ ಅಭ್ಯಾಸವಾದ ಕೈ ಅದು. ಅವಳದು ಸಂಸ್ಕಾರ ಅನ್ನೋಣ. ಸಂಪಿನ ಮುಚ್ಚಳ ತೆಗೆದೂ ನೋಡದವರದು ಏನು ಸ್ವಾಮಿ? ಆ ದಿನವೇ ತಮ್ಮ ಕಚೇರಿಗೆ ಫೋನು ಮಾಡಿ, ಅದು ಫಿಲ್ಟರ್ ನೀರು, ಮತ್ತೆ ಬನ್ನಿ ಎಂದು ಗೋಗರೆದೆ. ಸ್ಯಾಂಪಲ್ ಒಮ್ಮೆ ಸ್ವೀಕರಿಸಿದ ಮೇಲೆ ಬದಲಾಯಿಸಲು ಬರುವುದಿಲ್ಲವಂತೆ. ಅಲ್ಲಿಗೆ ತಾವು ಪರೀಕ್ಷಿಸಿದ್ದು ನಮ್ಮ ಫಿಲ್ಟರನ್ನು.

ಇಷ್ಟಕ್ಕೇ ಮುಗಿದಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ನಮ್ಮ ಕೆಳಮನೆಯಲ್ಲಿ ಬಾಡಿಗೆಗಿರುವ ಗುರುಸಿದ್ದ, ಪಾರವ್ವ ದಂಪತಿ ಬಾಗಲಕೋಟೆ ಕಡೆಯವರು. ಅವರಿಗೆ ಫಿಲ್ಟರಿಲ್ಲ. ಪಾರವ್ವ ಬಸುರಿಯೆಂದು ಕ್ಯಾನ್ ನೀರು ತರಿಸುತ್ತಿದ್ದರು. ತಮ್ಮ ವರದಿ ಬೀದಿಯ ವಾಟ್ಸಾಪ್ ಗುಂಪಿಗೆ ಬಂದದ್ದೇ ತಡ, ಕ್ಯಾನ್ ನಿಂತಿತು. ನಡೆದದ್ದನ್ನೆಲ್ಲ ಹೇಳಿ ಬೇಡವೆಂದರೂ ಗುರುಸಿದ್ದ ಕೇಳಲಿಲ್ಲ. “ಸರ್ಕಾರದವ್ರು ಸುಳ್ಳ ಯಾಕ ಬರೀತಾರ್ರಿ ಕಾಕಾ?” ಎಂದ. ಇಡೀ ಬೀದಿಯಲ್ಲಿ ತಮ್ಮನ್ನು ನಂಬಿದವನು ಅವನೊಬ್ಬನೇ. ಈಗ ಪಾರವ್ವ ಕಾಮಾಲೆಯಿಂದ ಆಸ್ಪತ್ರೆಯಲ್ಲಿದ್ದಾಳೆ. ತಾಯಿ, ಮಗು ಯಾರ ವಿಷಯವನ್ನೂ ಡಾಕ್ಟರು ಖಚಿತವಾಗಿ ಹೇಳುತ್ತಿಲ್ಲ. ಅವನು ಹೊರಗೆ ಬೆಂಚಿನ ಮೇಲೆ ಕೂತಿದ್ದಾನೆ.

ಆ ವರದಿಯನ್ನು ಹಿಂಪಡೆಯಿರಿ. ಚರಂಡಿ ದಾಟುವ ಕಡೆ ಪೈಪು ಅಗೆದು ನೋಡಿ, ಹೊಸದು ಹಾಕಿಸಿ. ಅಲ್ಲಿಯವರೆಗೆ ಒಳ್ಳೆಯ ನೀರಿನ ಟ್ಯಾಂಕರ್ ಕಳಿಸಿ. ಆಮೇಲೆ ಆಸ್ಪತ್ರೆಗೆ ಹೋಗಿ ಗುರುಸಿದ್ದನ ಪ್ರಶ್ನೆಗೆ ತಾವೇ ಉತ್ತರ ಹೇಳಿ. ದಾರಿಯಲ್ಲಿ ನಮ್ಮ ಮನೆಗೂ ಬನ್ನಿ. ಬಂದವರಿಗೆ ನೀರು ಕೊಡುವ ಪದ್ಧತಿಯನ್ನು ನೀಲಗಂಗಮ್ಮ ಬಿಟ್ಟಿಲ್ಲ. ಆದರೆ ಈ ಸಲ ಲೋಟಕ್ಕೆ ನಲ್ಲಿಯಿಂದಲೇ ಹಿಡಿದು ಕೊಡುತ್ತಾಳಂತೆ.

ಇಂತಿ,
ತಮ್ಮ ಪರೀಕ್ಷೆಯಲ್ಲಿ ಪಾಸಾದ ಫಿಲ್ಟರಿನ ನತದೃಷ್ಟ ಮಾಲೀಕ,
ಜಯದೇವಪ್ಪ